ಕೇಳದ ಬೆಸಾಂವ್

ಹಲಸಿನ ಮೇಣದ ವಾಸನೆ ಬಂದರೆ ಈಗಲೂ ಮೂಡುಬಿದಿರೆಯ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ. ಅಮ್ಮ ಉಪ್ಪಿನಲ್ಲಿ ಹಾಕಿಡಲು ಹಲಸಿನ ಸೊಳೆ ಬಿಡಿಸುತ್ತಿದ್ದರು. ವಿಟ್ಲದಿಂದ ಸೋದರತ್ತೆಯ ಗಂಡ ಬಸ್ಸಿಳಿದು ಬಂದು, "ಮಾಂಯ್ ಬೆಳಿಗ್ಗೆ ತೀರಿಹೋದರು" ಎಂದರು. ಅಮ್ಮನೂ ಈ ಮಾವನೂ ತಮ್ಮ ಅತ್ತೆಯನ್ನು, ಅಂದರೆ ನಮ್ಮ ಅಜ್ಜಿಯನ್ನು, ಹಾಗೆಯೇ ಕರೆಯುತ್ತಿದ್ದದ್ದು.

ಅಮ್ಮನ ಕೈ ನಿಲ್ಲಲಿಲ್ಲ. ಇನ್ನೊಂದು ಸೊಳೆ ಬಿಡಿಸಿದರು.

ನಮ್ಮಲ್ಲಿ ಸಂಜೆಯ ಜಪಮಾಲೆ ಮುಗಿದ ಮೇಲೆ ಕಿರಿಯರು ಹಿರಿಯರಿಗೆ ಕೈಮುಗಿದು ಬೆಸಾಂವ್, ಅಂದರೆ ಆಶೀರ್ವಾದ, ಕೇಳುವ ಕ್ರಮ. ಅಜ್ಜಿ ನಮ್ಮೊಡನೆಯೇ ಇದ್ದಾಗ ಒಮ್ಮೆ ಅವರೊಡನೆ ಜಗಳವಾದ ದಿನ ಅಮ್ಮ ಬೆಸಾಂವ್ ಕೇಳಲಿಲ್ಲ. ಮರುದಿನ ಅಜ್ಜಿ ವಿಟ್ಲಕ್ಕೆ, ಮಗಳ ಮನೆಗೆ ಹೋದರು. ಅಂದಿನಿಂದ ಅಮ್ಮ ಇಗರ್ಜಿಗೆ ಬಂದರೂ, ಪಾಪ ಇಟ್ಟುಕೊಂಡು ತೆಗೆದುಕೊಳ್ಳಬಾರದೆಂದು ಪರಮಪ್ರಸಾದ ಸ್ವೀಕರಿಸುತ್ತಿರಲಿಲ್ಲ.

"ನನಗೆ ಇನ್ನು ಕ್ಷಮೆ ಇಲ್ಲ" ಎಂದರು ಅಮ್ಮ, ಡಬ್ಬಿಯಲ್ಲಿ ಬೆಲ್ಲ ಇಲ್ಲ ಎನ್ನುವ ಹಾಗೆ.

"ಓಹೋ, ದೊಡ್ಡ ಪಾಪಿ ನೀನು! ಯೇಸು ಶಿಲುಬೆಯಲ್ಲಿ ಸತ್ತದ್ದು ನಿನ್ನೊಬ್ಬಳನ್ನು ಬಿಟ್ಟು ಬಾಕಿಯವರಿಗಾ?" ಮಾವ ಜಗಲಿಯಲ್ಲಿ ಕುಳಿತರು. "ಕೇಳು ಮಾರಾಯ್ತಿ. ಮಾಂಯ್ ದಿನಾ ಜಪ ಮುಗಿದ ಮೇಲೆ ಈ ಕಡೆಗೆ ಕೈ ಎತ್ತಿ, ನಿನ್ನ ಹೆಸರು ಹೇಳಿ ಬೆಸಾಂವ್ ಕೊಡ್ತಿದ್ದರು. 'ಅವಳು ಕೇಳಲೇ ಇಲ್ಲವಲ್ಲ' ಅಂತ ನಾನು ತಮಾಷೆ ಮಾಡಿದೆ. 'ಕೇಳಿದವರಿಗೆ ಮಾತ್ರ ಕೊಡಲಿಕ್ಕೆ ಅದೇನು ಅಂಗಡಿ ಸಾಮಾನಾ?' ಅಂತ ನನಗೇ ಬೈದರು."

"ನಿನ್ನೆಯೂ ಕೊಟ್ಟರಾ?"

"ನಿನ್ನೆಯೂ."

ಅಮ್ಮ ಅಳಲಿಲ್ಲ. ಮೇಣ ಅಂಟಿದ ಕೈಗಳನ್ನು ಹಾಗೆಯೇ ಜೋಡಿಸಿ, "ಬೆಸಾಂವ್ ಕೊಡಿ ಮಾಂಯ್" ಎಂದರು. ಆಮೇಲೆ ಬೆರಳುಗಳಿಗೆ ತೆಂಗಿನೆಣ್ಣೆ ಹಚ್ಚಿ ಉಜ್ಜಿಕೊಂಡು, ಮಾವನಿಗೆ ಗಂಜಿ ಬಡಿಸಲು ಒಳಗೆ ಹೋದರು.