ಕೇಳುವವಳು

ಸಂಜೆ ನಾನು ರೊಟ್ಟಿ ತಟ್ಟಲು ಕೂತರೆ ತಂಗಿ ಪುಸ್ತಕ ಹಿಡಿದು ಎದುರಿಗೆ ಬಂದು ಕೂರುತ್ತಿದ್ದಳು. ಅಂದಿನ ಪಾಠವನ್ನು ನನಗೆ ಬಿಡಿಸಿ ಹೇಳುತ್ತಿದ್ದಳು. ಏಳನೇ ತರಗತಿಗೇ ಶಾಲೆ ಬಿಟ್ಟವಳಿಗೆ ಹತ್ತನೇ ತರಗತಿಯ ಪಾಠ.

"ಅರ್ಥ ಆಯ್ತಾ ಅಕ್ಕ?"

"ಇಲ್ಲ ಕಣೇ, ಇನ್ನೊಂದ್ಸಲ ಹೇಳು."

ಬೇಸರವಿಲ್ಲದೆ ಹೇಳುತ್ತಿದ್ದಳು. ಎಲೆಗಳು ಬಿಸಿಲಿನಿಂದ ಆಹಾರ ತಯಾರಿಸುತ್ತವೆ ಎಂದು ಕೇಳಿದ ಮರುದಿನ, ಬಟ್ಟೆ ಒಣಹಾಕುತ್ತ ನುಗ್ಗೆಮರ ನೋಡಿದೆ. ಅಷ್ಟೂ ಎಲೆಗಳು ಅಡುಗೆಗೆ ಕೂತಂತೆ ಕಂಡು ಒಬ್ಬಳೇ ನಕ್ಕೆ.

"ಇವಳಿಗ್ಯಾಕೆ ಈಗ ಇದೆಲ್ಲ?" ಎಂದು ಅಮ್ಮ ಗೊಣಗಿದರೆ ತಂಗಿಯೇ ಅಡ್ಡ ಬರುತ್ತಿದ್ದಳು. "ಸುಮ್ನಿರಮ್ಮ, ಬರೋ ವರ್ಷ ಅಕ್ಕನೂ ಮನೇಲೇ ಓದಿ ಪರೀಕ್ಷೆ ಬರೀತಾಳೆ. ನಾನು ಹೇಳಿಕೊಡ್ತೀನಿ."

ಆ ಒಂದು ಮಾತಿಗೆ ಅವಳ ಪಾಲಿನ ಕೆಲಸವನ್ನೆಲ್ಲ ನಾನೇ ಮಾಡಿದೆ.

ಅವಳ ಪರೀಕ್ಷೆ ಮುಗಿಯಿತು. ಆ ಸಂಜೆಯೂ ಅವಳಿಗೆ ಮಣೆ ಹಾಕಿ ಕಾದೆ. ಅವಳು ಕನ್ನಡಿಯ ಮುಂದೆ ಜಡೆ ಹೆಣೆದುಕೊಳ್ಳುತ್ತಿದ್ದಳು.

"ಇವತ್ತು ಯಾವ ಪಾಠ?"

"ಪರೀಕ್ಷೆ ಮುಗೀತಲ್ಲ, ಇನ್ನೆಂಥ ಪಾಠ?"

"ನನ್ನ ಪರೀಕ್ಷೆಗೆ... ನೀನೇ ಹೇಳಿದ್ಯಲ್ಲ."

ಅವಳು ಕನ್ನಡಿಯಲ್ಲೇ ನನ್ನನ್ನು ನೋಡಿದಳು.

"ಅಯ್ಯೋ, ಅದನ್ನ ನಿಜ ಅಂದ್ಕೊಂಡ್ಯಾ? ಏನೂ ಗೊತ್ತಿಲ್ಲದವರಿಗೆ ಬಿಡಿಸಿ ಹೇಳಿದ್ರೆ ಓದಿದ್ದು ಮರೆಯಲ್ಲ ಅಂತ ಟೀಚರ್ ಹೇಳಿದ್ರು. ನಮ್ಮ ಕ್ಲಾಸಿನ ದಾಕ್ಷಾಯಿಣಿ ಅವರ ಮನೆ ಎಮ್ಮೆ ಮುಂದೆ ಕೂತು ಹೇಳ್ತಿದ್ಲು. ನಮ್ಮನೇಲಿ ಎಮ್ಮೆ ಇಲ್ವಲ್ಲ."