ಪೂಜೆಯ ಹೊತ್ತು

ಮಾಗಿಯ ಬೆಳಿಗ್ಗೆ ಪ್ರೇಮಲೀಲಾ ಅವರೆಕಾಯಿ ಸುಲಿಯುತ್ತಾ ದೇವರ ಕೋಣೆಯನ್ನೇ ನೋಡುತ್ತಿದ್ದಳು. ಮದುವೆಯಾಗುವವರೆಗೆ ಹೆಣ್ಣುಮಕ್ಕಳು ಹೊಸಿಲು ದಾಟಬಾರದೆಂದು ಬಡಾವಣೆಯ ಗಂಡಸರು ಕಟ್ಟಳೆ ಮಾಡಿ ಏಳು ತಿಂಗಳಾಗಿತ್ತು. ಮಗಳು ಬಿಂದುಶ್ರೀಗೆ ಹತ್ತು ಗಂಟೆಗೆ, ಕಟ್ಟಳೆಯಿಂದಾಗಿ ಬಾಕಿ ಉಳಿದಿದ್ದ ಕೊನೆಯ ಪರೀಕ್ಷೆ. ಬಾಗಿಲ ಬೀಗದ ಕೈ ಗಂಡ ಶಿವಲಿಂಗಯ್ಯನ ಅಂಗಿಯ ಜೇಬಿನಲ್ಲಿತ್ತು.

ಅವನು ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತದ್ದೇ ಪ್ರೇಮಲೀಲಾ ಎದ್ದು, ಅವನೆದುರೇ ಗೂಟದ ಅಂಗಿಗೆ ಕೈ ಹಾಕಿದಳು. ಅವನು ಕಣ್ಣೆತ್ತಿ ಗಂಟಲಲ್ಲೇ ಗದರಿದ.

"ಪೂಜೆ ಅರ್ಧಕ್ಕೆ ಬುಟ್ಟು ಏಳಬಾರ್ದು ಕಣ್ರೀ, ಅಂಗೈಲಿ ಶಿವ ಅವ್ನೆ. ಆಮೇಲೆ ಬೈಯೋರಂತೆ," ಎಂದು ಅವಳು ಬಾಗಿಲು ತೆರೆದಳು. "ನಡಿ ಬಿಂದು. ಬರೆದಾದ ಮೇಲೆ ರಾಮಕೃಷ್ಣನಗರದ ಚಿಕ್ಕಮ್ಮನ ಮನೇಲೇ ಇದ್ಬುಡು."

ಮಗಳು ಬೀದಿಯ ತಿರುವು ದಾಟಿದಳು. ಪ್ರೇಮಲೀಲಾ ಒಳಬಂದು ಬೈಗುಳಕ್ಕೆ ಕಾಯುತ್ತಾ ಕೂತಳು. ದಿನವೂ ಅರ್ಧ ಗಂಟೆಯಲ್ಲಿ ಪೂಜೆ ಮುಗಿಸುತ್ತಿದ್ದ ಶಿವಲಿಂಗಯ್ಯ ಅಂದು ಆಗಾಗ ಗಡಿಯಾರ ನೋಡುತ್ತಾ, ಹತ್ತು ಹೊಡೆದರೂ ಏಳಲಿಲ್ಲ.