ಹೆಣ ಎತ್ತುವ ತನಕ

“ಒಲಿ ಹಚ್ಚಬ್ಯಾಡ. ಹೆಣ ಇನ್ನಾ ಎತ್ತಿಲ್ಲ.”

ಕಲ್ಯಾಣಮ್ಮ ಮೊಮ್ಮಗಳು ಶಿವಾನಿಯ ಕೈಯಿಂದ ಲೈಟರ್ ಕಸಿದುಕೊಂಡಳು. ಸಕ್ಕರೆ ಕಾಯಿಲೆಯ ಮುದುಕಿ. ನಿನ್ನೆ ರಾತ್ರಿಯಿಂದ ಹೊಟ್ಟೆಗೆ ಒಂದು ತುತ್ತೂ ಬಿದ್ದಿಲ್ಲ.

ದೋರನಹಳ್ಳಿಯ ಅವರ ಓಣಿಯಲ್ಲಿ ಹೆಣವಿದ್ದರೆ, ಅದನ್ನು ಎತ್ತುವವರೆಗೆ ಯಾರ ಮನೆಯಲ್ಲೂ ಒಲೆ ಹಚ್ಚುವುದಿಲ್ಲ. ಇದು ಶಿವಾನಿಗೂ ಗೊತ್ತು. ಆದರೆ ಈ ಹೆಣ ಓಣಿಯಲ್ಲಿರಲಿಲ್ಲ, ಟಿವಿಯಲ್ಲಿತ್ತು! ನಿನ್ನೆ, ಶುಕ್ರವಾರದ ಧಾರಾವಾಹಿಯಲ್ಲಿ ಚಿಕ್ಕ ಸೊಸೆ ಸತ್ತಿದ್ದಳು. ಅವಳನ್ನು ಅಂಗಳದಲ್ಲಿ ಮಲಗಿಸುವಲ್ಲಿಗೆ ಕಂತು ಮುಗಿದಿತ್ತು. ಮುಂದಿನ ಕಂತು ಸೋಮವಾರ. ಅಲ್ಲಿಯವರೆಗೆ ಈ ಜೀವ ಉಳಿದೀತೇ?

ಶಿವಾನಿ ಸುರಪುರದ ಕಾಲೇಜೊಂದರಲ್ಲಿ ಮನಃಶಾಸ್ತ್ರ ಕಲಿಸುತ್ತಾಳೆ. ಸಿನಿಮಾ, ಧಾರಾವಾಹಿಗಳ ತುಣುಕು ತೋರಿಸಿ, “ಹುಟ್ಟೇ ಇರದವರ ಸಾವಿಗೆ ನಾವೇಕೆ ಅಳುತ್ತೇವೆ?” ಎಂದು ಮಕ್ಕಳನ್ನು ಕೆಣಕುವುದೆಂದರೆ ಅವಳಿಗೆ ಬಲು ಖುಷಿ. ಅದೇ ಪ್ರಶ್ನೆ ಮನೆ ಹೊಕ್ಕಾಗ ಖುಷಿ ಹಾರಿಹೋಯಿತು. ಬೆಳಿಗ್ಗೆ ತಾಯಿ ಸೌಭಾಗ್ಯ ಫೋನ್ ಮಾಡಿ, “ನಿಮ್ಮ ಆಯಿ ಉಣವಲ್ಲಳು, ಲಗೂ ಬಾ” ಎಂದದ್ದೇ ತಡ, ಬಸ್ ಹತ್ತಿದ್ದಳು. ಬಂದು ನೋಡಿದರೆ ಅಪ್ಪ ಅಯ್ಯಣ್ಣನೂ ಇಲ್ಲ; ಯಾವುದೋ ಕೆಲಸಕ್ಕೆಂದು ಗುರುಮಠಕಲ್‌ಗೆ ಹೋಗಿದ್ದನಂತೆ.

ಶಿವಾನಿ ಮೊಬೈಲಿನಲ್ಲಿ ಆ ನಟಿಯ ಜಾಹೀರಾತು ಹಚ್ಚಿ ತೋರಿಸಿದಳು. “ನೋಡಾಯಿ, ಅಕಿ ನಗಾಕತ್ತಾಳ. ಸಾಬೂನು ಮಾರಾಕತ್ತಾಳ. ಎಲ್ಲಿ ಸತ್ತಾಳ?”

“ಸತ್ತಾಕಿ ನನಗಿಂತ ಸಣ್ಣಾಕಿ,” ಎಂದಳು ಕಲ್ಯಾಣಮ್ಮ. “ಕತ್ತಲಂದ್ರ ಅಂಜತಿದ್ಳು. ರಾತ್ರಿಯೆಲ್ಲಾ ಅಂಗಳದಾಗ ಮಲಗಿಸ್ಯಾರ.”

ಕತ್ತಲಿಗೆ ಅಂಜುವ ಮಾತು ಧಾರಾವಾಹಿಯಲ್ಲಿ ಒಮ್ಮೆಯೂ ಬಂದಿರಲಿಲ್ಲ. ಅಜ್ಜಿಯ ಬುದ್ಧಿ ಕೈಕೊಡುತ್ತಿದೆಯೇ?

“ಅವ್ವಾ, ನೀನರ ಹೇಳು!”

ಸೌಭಾಗ್ಯಳ ಕಣ್ಣುಗಳು ಊದಿಕೊಂಡಿದ್ದವು. ಅವಳೂ ಚಹಾ ಕುಡಿದಿರಲಿಲ್ಲ. “ಹೆಣ ಎತ್ತೋತನ ಉಣಂಗಿಲ್ಲಂದ್ರ ನಾ ಏನ್ ಹೇಳ್ಲಿ?” ಎಂದು ಮುಖ ತಿರುಗಿಸಿದಳು. ಅತ್ತೆಗೆ ತಕ್ಕ ಸೊಸೆ! ಶಿವಾನಿಗೆ ಇಬ್ಬರ ಮೇಲೂ ಸಿಟ್ಟು ಬಂತು.

ಮಧ್ಯಾಹ್ನದ ಹೊತ್ತಿಗೆ ಕಲ್ಯಾಣಮ್ಮನ ಹಣೆಯಲ್ಲಿ ತಣ್ಣನೆಯ ಬೆವರೊಡೆಯಿತು. ರಕ್ತದ ಸಕ್ಕರೆ ಇಳಿದಿರಬೇಕೆಂದು ಶಿವಾನಿ ಚಿಟಿಕೆ ಸಕ್ಕರೆ ತುಟಿಗೆ ಹಿಡಿದರೆ ಬಾಯಿ ಬಿಗಿಹಿಡಿದಳು. ಇನ್ನು ತಡಮಾಡಿದರೆ ಆಗದು ಎಂದು ಶಿವಾನಿ ಶಹಾಪುರದ ಆಸ್ಪತ್ರೆಗೆ ಹೋಗಲು ಆಟೋದವನ ನಂಬರು ಹುಡುಕುತ್ತಿದ್ದಳು. ಅಷ್ಟರಲ್ಲಿ ತಾಯಿಯ ಫೋನ್ ರಿಂಗಾಯಿತು. ಸೌಭಾಗ್ಯ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದಳು. ಶಿವಾನಿಯೂ ಬೆನ್ನಟ್ಟಿದಳು.

“ಮಣ್ಣಾತಂತ,” ಎಂದು ಸೌಭಾಗ್ಯ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಬಿಕ್ಕಿದಳು. “ಗುರುಮಠಕಲ್ಲಿನ ಮಲಕಮ್ಮ, ನಿಮ್ಮ ಆಯಿ ತಂಗಿ, ನಿನ್ನಿ ಸಂಜಿಕ ಹೋದ್ಳು. ಮಗ ಪುಣೆಯಿಂದ ಬರೋದು ತಡಾತು. ಆಯಿ ಎದಿ ತಡಿಯಂಗಿಲ್ಲ, ಹೇಳಬ್ಯಾಡ್ರಿ ಅಂದಾರ ಡಾಕ್ಟರು. ನಿನ್ನ ಹೊಟ್ಟ್ಯಾಗ ಮಾತು ನಿಂದ್ರಂಗಿಲ್ಲ, ಅದಕ್ಕ ನಿನಗೂ ಹೇಳಲಿಲ್ಲ.”

ಇಬ್ಬರೂ ಕಣ್ಣೊರೆಸಿಕೊಂಡು, ಏನೂ ಆಗದವರಂತೆ ಒಳಗೆ ಬಂದರು.

ಒಲೆ ಉರಿಯುತ್ತಿತ್ತು. ಹಿತ್ತಲಿಗೆ ತೆರೆದ ಕಿಟಕಿಯ ಬಳಿ ಗೋಡೆ ಹಿಡಿದು ನಿಂತ ಕಲ್ಯಾಣಮ್ಮ ಅನ್ನಕ್ಕೆ ನೀರಿಟ್ಟಿದ್ದಳು.

“ಆಯಿ, ಸೋಮವಾರ ಇನ್ನಾ ಬಂದಿಲ್ಲಲ್ಲ?” ಶಿವಾನಿ ತೊದಲಿದಳು.

ಕಲ್ಯಾಣಮ್ಮ ತಿರುಗಿ ನೋಡಲಿಲ್ಲ. “ನಿಮ್ಮಪ್ಪಗ ಕೇಳು, ನನ್ನ ತಂಗೀಗೆ ತವರಮನಿ ಸೀರಿ ಉಡಿಸಿ ಕಳಿಸಿದ್ನೋ ಇಲ್ಲೋ.”